ಹದಿನಾಲ್ಕು ಸಾವಿರ, ಮತ್ತೆ ಮುನ್ನೂರು

ಸಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಸುಮಾರು 14,000 ಕಿ.ಮೀ., ವಿಮಾನದಲ್ಲಿ 17 ಗಂಟೆ. ನಾವು ರೂಮಿನಲ್ಲಿ ಮೂವರು: ಪುತ್ತೂರಿನವ, ಸುಳ್ಯದವ, ಕಡಬದವ. ಎರಡೂ ಏರ್‌ಪೋರ್ಟಿನ ಅಕ್ಷಾಂಶ, ರೇಖಾಂಶ ಹಾಕಿ ಹ್ಯಾವರ್‌ಸೈನ್ ಸೂತ್ರದಲ್ಲಿ ಲೆಕ್ಕ ಮಾಡಿದೆವು, 13,990ರ ಹತ್ತಿರ ಬಂತು. ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟು ಎಳೆಯುವ ಗೆರೆ ಅಲ್ಲ ಇದು. ಅಲಾಸ್ಕಾ ಕಡೆ ಏರಿ, ಸೈಬೀರಿಯಾದ ತಲೆಯಲ್ಲಿ 71ನೇ ಅಕ್ಷಾಂಶ ಮುಟ್ಟಿ ಕೆಳಗಿಳಿಯುವ ಕಮಾನು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ತಂಡ ಏರ್ ಇಂಡಿಯಾದ ಬೋಯಿಂಗ್ 777 ಅನ್ನು ಇನ್ನೂ ಮೇಲೆ, ಉತ್ತರ ಧ್ರುವದ ಮೇಲಿಂದಲೇ ತಂದು ಬೆಂಗಳೂರಲ್ಲಿ ಇಳಿಸಿತ್ತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರೇ.

ಈ ಲೆಕ್ಕ ನಮಗೆ ಬೇಕಾದದ್ದು ಬೇರೆ ಕಾರಣಕ್ಕೆ. ನಾವು ಫಸ್ಟ್ ಇಯರ್‌ನಲ್ಲಿದ್ದಾಗ, ಮಳೆಗಾಲದ ಒಂದು ಶುಕ್ರವಾರ ಸಂಜೆ, ಕಡಬದವನ ಅಜ್ಜಿ ತೀರಿಹೋದರು. ಮನೆ ಬಿಳಿನೆಲೆಯಲ್ಲಿ. ಅಜ್ಜಿ ಸಾಕಿದ ಮೊಮ್ಮಗ, ದೊಡ್ಡಪ್ಪನ ಮಗ, ಕ್ಯಾಲಿಫೋರ್ನಿಯಾದಲ್ಲಿ. ಅವರಿಗೆ ಆಗ ಬೆಳಗ್ಗೆ. ಅದೇ ರಾತ್ರಿಯ ನೇರ ವಿಮಾನಕ್ಕೆ ಟಿಕೆಟ್ ಸಿಕ್ಕಿತು. "ಕಾಯಿರಿ, ಬರ್ತೇನೆ" ಅಂದರು. ಫ್ರೀಜರ್ ಬಾಕ್ಸ್ ತರಿಸಿದರು. ನಾವೂ ಬಸ್ ಹತ್ತಿದೆವು.

ಆದಿತ್ಯವಾರ ಬೆಳಗಿನ ಜಾವ ಎರಡೂವರೆಗೆ ವಿಮಾನ ಇಳಿಯಿತು, ಹೇಳಿದ ಸಮಯಕ್ಕೇ. ಇನ್ನು ಉಳಿದದ್ದು 300 ಕಿ.ಮೀ. ರಾತ್ರಿ ರೈಲು ಹೋಗಿಯಾಗಿತ್ತು. ಸಿಕ್ಕಿದ್ದರೂ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗ, ಐವತ್ತಕ್ಕೆ ಒಂದರ ಇಳಿಜಾರು, ಓಡಿಸ್ಲಿಕ್ಕೆ ಆಗುವುದಿಲ್ಲ. ಬಜಪೆಗೆ ಬೆಳಗ್ಗಿನ ವಿಮಾನ ಹಿಡಿಯಬಹುದಿತ್ತು, ಒಂದೇ ಗಂಟೆ. ಆದರೆ ಗುಡ್ಡದ ಮೇಲಿನ ರನ್‌ವೇ, ಜೋರು ಮಳೆ ಮೋಡ ಇದ್ದರೆ ಇಳಿಯದೆ ವಾಪಸ್ ಹೋಗುವುದೂ ಉಂಟು. ಇಳಿದರೂ ಮತ್ತೆ ನೂರು ಕಿಲೋಮೀಟರ್ ರಸ್ತೆ. ಕಾರೇ ವಾಸಿ ಅಂತ ಹೊರಟರು.

ಶಿರಾಡಿಯಲ್ಲಿ ಗುಡ್ಡ ಜರಿದಿತ್ತು. ಸಕಲೇಶಪುರದ ಹತ್ತಿರ ಲಾರಿಗಳ ಸಾಲು. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ, ನಾವು ಜಗಲಿಯಲ್ಲಿ ಕೂತು ಫೋನ್ ಮಾಡಿದ್ದೇ ಮಾಡಿದ್ದು. ಮನೆಯಲ್ಲೂ ಕರೆಂಟಿಲ್ಲ, ಜನರೇಟರ್ ಡೀಸೆಲ್ ಮುಗಿಯುತ್ತಾ ಬಂದಿತ್ತು. ಸೌದೆ ಮೇಲೆ ಟಾರ್ಪಾಲ್ ಕಟ್ಟಿ ಒಂದೂವರೆ ದಿನ ಆಗಿತ್ತು. ಹನ್ನೆರಡಕ್ಕೆ ಮಳೆ ಸ್ವಲ್ಪ ಬಿಟ್ಟಾಗ ದೊಡ್ಡಪ್ಪ ಎದ್ದರು. "ಇನ್ನು ಆಗುದಿಲ್ಲ, ತೆಗೀರಿ" ಅಂದರು. ಯಾರೂ ಎದುರು ಮಾತಾಡಲಿಲ್ಲ.

ಅಣ್ಣ ಬಂದದ್ದು ನಾಲ್ಕು ಗಂಟೆಗೆ. ಚೀಲ ಕೂಡ ಇಳಿಸದೆ ತೋಟದ ಬದಿಗೆ ಹೋದರು. ಹೊಗೆ ಇನ್ನೂ ಇತ್ತು.

ಹಾಸ್ಟೆಲಿಗೆ ಬಂದ ಮೇಲೆ ನಾವು ಲೆಕ್ಕ ಹಾಕಿದ್ದು ಹೀಗೆ: ಮೊದಲ 14,000 ಕಿ.ಮೀ.ಗೆ ಸರಾಸರಿ ವೇಗ ಗಂಟೆಗೆ 820. ಕೊನೆಯ 300ಕ್ಕೆ 22. ಸುಳ್ಯದವ ಹೇಳಿದ, "ನಮ್ಮಲ್ಲಿಗಾದ್ರೆ ಸಂಪಾಜೆ ದಾರಿ ಇತ್ತಲ್ಲ." ಆ ದಾರಿ 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಏನಾಗಿತ್ತು ಅಂತ ಪುತ್ತೂರಿನವ ನೆನಪಿಸಿದ.

"ಅಪ್ಪ ಮಾಡಿದ್ದೇ ಸರಿ" ಅಂತ ಅಣ್ಣ ಅವತ್ತೇ ಹೇಳಿದ್ದರು. ದೊಡ್ಡಮ್ಮ ಮಾತ್ರ ಇವತ್ತಿಗೂ ಹಾಗೆ ಹೇಳಿಲ್ಲ.