ಸೋಸುವ ಯಂತ್ರ

ಮೂತ್ರಪಿಂಡಗಳ ಸೇವೆ ಮೌನವಾದುದು. ಅವು ಕೆಡುವವರೆಗೆ ಅವುಗಳ ನೆನಪು ಯಾರಿಗೂ ಬಾರದು. ೧೯೪೩ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ, ವಿಲೆಮ್ ಕೋಲ್ಫನೆಂಬ ವೈದ್ಯನು ಮರದ ಉರುಳೆಗೆ ಸೆಲೊಫೇನ್ ನಳಿಗೆಯನ್ನು ಸುತ್ತಿ, ಅದರೊಳಗೆ ರೋಗಿಯ ರಕ್ತವನ್ನು ಹರಿಸಿ, ಲವಣಜಲದ ತೊಟ್ಟಿಯಲ್ಲಿ ತಿರುಗಿಸಿದನು. ರಕ್ತದ ಕಶ್ಮಲವು ನೀರಿಗಿಳಿಯಿತು. ೧೯೪೫ರಲ್ಲಿ ೬೭ ವರ್ಷದ ವೃದ್ಧೆಯೊಬ್ಬಳು ಆ ಯಂತ್ರದಿಂದ ಬದುಕಿದಳು; ಅವಳ ಮೂತ್ರಪಿಂಡಗಳಾದರೋ ಮರಳಿ ಚೇತರಿಸಿಕೊಂಡವು. ಎಂದಿಗೂ ಚೇತರಿಸದವರ ಗತಿಯೇನು? ಪ್ರತಿ ಸಲವೂ ಹೊಸದಾಗಿ ರಕ್ತನಾಳವನ್ನು ಕೊಯ್ಯಬೇಕು. ಕೊಯ್ಯಲು ನಾಳಗಳೇ ಉಳಿಯಲಾರವು.

ಈ ತೊಡಕನ್ನು ಬಿಡಿಸಿದವನು ಅಮೆರಿಕೆಯ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್. ೧೯೬೦ರಲ್ಲಿ ಅವನು ರೋಗಿಯ ಮುಂಗೈಯ ಧಮನಿಗೂ ಸಿರೆಗೂ ನಡುವೆ ಟೆಫ್ಲಾನ್ ನಳಿಗೆಯನ್ನು ಜೋಡಿಸಿ ಹಾಗೆಯೇ ಉಳಿಸಿದನು. ಸಾವಿನ ಅಂಚಿನಲ್ಲಿದ್ದ ಯಂತ್ರಕರ್ಮಿಯೊಬ್ಬನು ಅದರಿಂದ ಹತ್ತು ವರ್ಷಗಳಿಗೂ ಮಿಕ್ಕು ಬಾಳಿದನು. ಆಗ ಹುಟ್ಟಿತು ಬೇರೊಂದು ಸಂಕಟ. ಯಂತ್ರಗಳು ಕೆಲವೇ, ಸಾಯುವವರು ಹಲವರು! ಯಾರನ್ನು ಉಳಿಸಬೇಕೆಂದು ನಿಶ್ಚಯಿಸಲು ಪಾದ್ರಿ, ವಕೀಲ, ಗೃಹಿಣಿ ಮೊದಲಾದ ಏಳು ಮಂದಿಯ ಸಮಿತಿ ಕುಳಿತಿತು. ರೋಗಿಯ ಸಂಪಾದನೆಯನ್ನೂ ಮಕ್ಕಳನ್ನೂ ಚರ್ಚಿನ ಒಡನಾಟವನ್ನೂ ತೂಗಿತು. ಚಿತ್ರಗುಪ್ತನ ಲೆಕ್ಕವು ಮನುಷ್ಯರ ಕೈಗೆ ಬಂದರೆ ಹೀಗಲ್ಲದೆ ಮತ್ತೇನಾದೀತು?

ಇಂದು ರೋಗಿಯು ಸಾಮಾನ್ಯವಾಗಿ ವಾರಕ್ಕೆ ೩ ಸಲ, ಸಲಕ್ಕೆ ೪ ಗಂಟೆಯಂತೆ ಯಂತ್ರದ ಪಕ್ಕದಲ್ಲಿ ಮಲಗುತ್ತಾನೆ. ಮೂತ್ರವಿಳಿಯದವನಿಗೆ ಕುಡಿದ ನೀರು ಮೈಯಲ್ಲೇ ನಿಲ್ಲುವುದರಿಂದ, ಬಿರುಬೇಸಗೆಯಲ್ಲಿಯೂ ತುಂಬಿದ ಹೂಜಿಯ ಮುಂದೆ ಅರ್ಧ ಲೋಟವನ್ನು ಅಳೆದು ಬಾಯಿ ಒದ್ದೆಮಾಡಿಕೊಳ್ಳುತ್ತಾನೆ.