ಯಾರು ಕೂರೋದು?

ನಾಲ್ಕನೇ ಸೆಮ್ ಎಕ್ಸಾಮ್ ಮುಗಿಸಿ ತಿಪಟೂರಿಗೆ ಹೋದ ದಿನ ಸಂಜೆ ಒಂದು ವಿಷಯ ಕಣ್ಣಿಗೆ ಬಿತ್ತು. ಅಪ್ಪ ಕೆಲಸ ಮುಗಿಸಿ ಬಂದು ಮನೆ ಮುಂದೆ ಕಾರು ನಿಲ್ಲಿಸಿದರು. ಎಂಜಿನ್ ಆಫ್ ಆಯ್ತು, ಬಾಗಿಲು ತೆಗೀತು, ಆದರೆ ಅಪ್ಪ ಇಳೀಲಿಲ್ಲ. ಮೊದಲು ಎರಡೂ ಕಾಲು ಹೊರಗಿಟ್ಟರು. ಆಮೇಲೆ ಬಾಗಿಲಿನ ಅಂಚು ಹಿಡಿದುಕೊಂಡು ನಿಧಾನಕ್ಕೆ ಎದ್ದರು. ಎದ್ದವರು ಅಲ್ಲೇ ಒಂದು ನಿಮಿಷ ನಿಂತರು, ಏನೋ ಮರೆತವರ ಹಾಗೆ. ನಾನು ಜಗಲಿ ಮೇಲೆ ಫೋನ್ ನೋಡ್ತಾ ಕೂತಿದ್ದೆ. "ಏನಾಯ್ತಪ್ಪಾ?" ಅಂದೆ. "ಏನಿಲ್ಲ ಕಣೋ, ಸೊಂಟ ಹಿಡ್ಕೊಂಡಿತ್ತು" ಅಂತ ಒಳಗೆ ಹೋದರು.

ಆರು ತಿಂಗಳಿಂದ ಹೀಗೇ ಅಂತ ರಾತ್ರಿ ಅಮ್ಮ ಹೇಳಿದರು. ಸೊಂಟದಿಂದ ಶುರುವಾಗಿ ಎಡ ತೊಡೆಯ ಹಿಂದೆ ಮೊಣಕಾಲವರೆಗೂ ಇಳಿಯೋ ನೋವು. ಡ್ರೈವಿಂಗ್ ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದಾರಂತೆ. ಆದರೆ ಅಪ್ಪನ ಕೆಲಸವೇ ಡ್ರೈವಿಂಗು. ಪಶು ಆಹಾರದ ಆರ್ಡರ್ ತಗೊಳ್ಳೋಕೆ ಅರಸೀಕೆರೆ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಅಂತ ದಿನಕ್ಕೆ ನೂರು ಕಿಲೋಮೀಟರ್ ಆಗುತ್ತೆ. "ಕಾರಾದ್ರೂ ಬದಲಾಯಿಸಿ ಅಂದ್ರೆ, ಅವನ ಓದು ಮುಗೀಲಿ ಅಂತಾರೆ" ಅಂದರು ಅಮ್ಮ. ಅವನು ಅಂದರೆ ನಾನು.

ಮಾರನೇ ದಿನ ಕಾರಿನ ಬಾಗಿಲು ತೆಗೆದು ಸೀಟು ನೋಡಿದೆ. ನನಗಿಂತ ಎರಡು ವರ್ಷ ದೊಡ್ಡ ಕಾರು ಅದು. ಸೀಟಿನ ಮೇಲೊಂದು ಮಣಿ ಸೀಟು, ಅದರ ಕೆಳಗೆ ನಾಲ್ಕು ಮಡಿಕೆ ಮಾಡಿದ ಟವೆಲ್ಲು, ಬೆನ್ನಿಗೆ ಅಮ್ಮನ ಹಳೇ ತಲೆದಿಂಬು. ಇಷ್ಟೆಲ್ಲ ಪದರ ಸೇರುವಷ್ಟು ದಿನ ನೋವು ನಡೆದಿತ್ತು, ನಾನು ಹಾಸ್ಟೆಲ್‌ನಿಂದ ವಾರಕ್ಕೆರಡು ಸಲ ಫೋನ್ ಮಾಡಿ "ಎಲ್ಲಾ ಆರಾಮಾ?" ಅಂತ ಕೇಳ್ತಾನೇ ಇದ್ದೆ.

ನಾನು ಮೆಕ್ಯಾನಿಕಲ್. ಸೀಟು ಅಂದರೆ ನಮಗೆ ಒಂದು ಸ್ಪ್ರಿಂಗು, ಒಂದು ಡ್ಯಾಂಪರು, ಮೇಲೊಂದು ಮಾಸ್. ಕೂತಿರೋ ಮನುಷ್ಯನ ದೇಹಕ್ಕೆ ಮೇಲೆ-ಕೆಳಗಿನ ಕಂಪನ ಹೆಚ್ಚು ತಟ್ಟೋದು ಸುಮಾರು 4ರಿಂದ 8 ಹರ್ಟ್ಜ್ ನಡುವೆ. ಐಎಸ್ಒ 2631 ಅನ್ನೋ ಸ್ಟ್ಯಾಂಡರ್ಡ್ ಕೂಡ ಇದನ್ನೇ ಹೇಳುತ್ತೆ. ಸ್ವೀಡನ್ನಿನ ಡಾಕ್ಟರ್ ಆಲ್ಫ್ ನಾಚೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಯ ಡಿಸ್ಕಿಗೇ ಸೂಜಿ ಚುಚ್ಚಿ ಒಳಗಿನ ಒತ್ತಡ ಅಳೆದಿದ್ದರು. ಅವರ ಅಳತೆಯಲ್ಲಿ, ನಿಂತಾಗ ಇರೋದಕ್ಕಿಂತ ಒರಗದೆ ಕೂತಾಗ ಒತ್ತಡ ಜಾಸ್ತಿ. ಇದನ್ನೆಲ್ಲ ಒಂದೇ ರಾತ್ರೀಲಿ ಓದಿ, ಬೆಳಿಗ್ಗೆ ತಿಂಡಿ ತಿನ್ನೋವಾಗ ಘೋಷಣೆ ಮಾಡಿದೆ: "ಸೀಟು ನಾನೇ ಸರಿ ಮಾಡ್ತೀನಿ." ಅಪ್ಪ ದೋಸೆ ಮುರೀತಾ "ಮಾಡಪ್ಪಾ" ಅಂದರು.

ಮೊದಲನೇ ಪ್ರಯತ್ನ ಅರ್ಧ ದಿನದಲ್ಲಿ ಮುಗೀತು. ಹಾಸಿಗೆ ಅಂಗಡಿಯಿಂದ ನಾಲ್ಕಿಂಚಿನ ಮೆತ್ತನೆ ಫೋಮ್ ತಂದು, ಸೀಟಿನ ಅಳತೆಗೆ ಕತ್ತರಿಸಿ, ರೆಕ್ಸಿನ್ ಕವರ್ ಹಾಕಿ ಕೂರಿಸಿದೆ. 900 ರೂಪಾಯಿ. ನಾನೇ ಕೂತು ಬಸ್ ಸ್ಟ್ಯಾಂಡ್ ತನಕ ಹೋಗಿ ಬಂದೆ. ಸೋಫಾ ಮೇಲೆ ಕೂತ ಹಾಗಿತ್ತು. ಫೋಟೋ ತೆಗೆದು ಕ್ಲಾಸಿನ ಗ್ರೂಪಿಗೂ ಹಾಕಿದೆ. ಇಪ್ಪತ್ತು ಜನ ಬೆಂಕಿ ಇಮೋಜಿ ಹಾಕಿದರು.

ಮೂರನೇ ದಿನ ಅಪ್ಪನ ಜೊತೆ ಅರಸೀಕೆರೆ ಕಡೆ ಹೊರಟೆ. ಊರು ದಾಟಿ ಸ್ವಲ್ಪ ದೂರ ಹೋಗಿದ್ವಿ. ರಸ್ತೆ ಪಕ್ಕದ ತೋಟದಿಂದ ಒಂದು ಹಸು ಸೀದಾ ರಸ್ತೆಗೆ ಬಂತು. ಅಪ್ಪ ಬ್ರೇಕ್ ಹಾಕಿದರು. ಅದರ ಜೊತೆಗೆ ಇಡೀ ದೇಹವನ್ನ ಸೀಟಿನಿಂದ ಮುಂದಕ್ಕೆ ಜಾರಿಸಿ, ಎಡಗಾಲು ಚಾಚಿ ಕ್ಲಚ್ ಒತ್ತಿದರು. ಪೂರ್ತಿ ಒತ್ತೋಕೆ ಆಗಲಿಲ್ಲ. ಕಾರು ಜಗ್ಗಿ ಆಫ್ ಆಯ್ತು. ಹಸುವಿಗೂ ಬಾನೆಟ್ಟಿಗೂ ಒಂದು ಮೊಳ ಇತ್ತೋ ಏನೋ. ಹಸು ತನ್ನ ಪಾಡಿಗೆ ತಾನು ಹೋಯ್ತು. ಹಿಂದೆ ಇದ್ದ ಲಾರಿಯವನು ಹಾರ್ನ್ ಹೊಡೆದು, ಬೈದು, ಪಕ್ಕದಲ್ಲಿ ಮುಂದೆ ಹೋದ.

"ಕಾಲು ಎಟಕಲ್ವಾ?" ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಲ್ಪ ಎತ್ತರ ಆಯ್ತು. ಅಭ್ಯಾಸ ಆಗುತ್ತೆ ಬಿಡು" ಅಂದರು. ಮಗ ಮಾಡಿದ್ದು ಅಂತ ಮೂರು ದಿನ ತುದೀಲಿ ಕೂತು ಓಡಿಸಿದ್ದರು. ನನ್ನ ಎತ್ತರ 5 ಅಡಿ 11 ಇಂಚು, ಅಪ್ಪಂದು 5 ಅಡಿ 3 ಇಂಚು. ಫೋಮು ಸೀಟಿನ ಮುಂದಿನ ಅಂಚನ್ನೂ ಎತ್ತಿತ್ತು. ಆ ಅಂಚು ಅವರ ತೊಡೆ ಹಿಂದೆ ಒತ್ತಿ, ಹಿಮ್ಮಡಿ ನೆಲ ಬಿಡ್ತಿತ್ತು. ಇದನ್ನ ನಾನು ಅಳೆದೇ ಇರಲಿಲ್ಲ. ಸೀಟು ಆಚೆಗೆ ತರೋ ಮುಂಚೆ ಫೋಮು ಡಿಕ್ಕಿಗೆ ಹೋಯ್ತು.

ಈ ಸಲ ಸೀಟನ್ನೇ ಬಿಚ್ಚಿದೆ. ಹಳೇ ಕಾರಾದ್ದರಿಂದ ಸೀಟಲ್ಲಿ ಏರ್‌ಬ್ಯಾಗೂ ಇಲ್ಲ, ಅಡಿಯಲ್ಲಿ ವೈರೂ ಇಲ್ಲ. ಹೊಸ ಕಾರಲ್ಲಿ ಯಾರೂ ಹೀಗೆ ಸ್ಪ್ಯಾನರ್ ಹಿಡಿದು ಕೂರಬೇಡಿ. ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರಬಹುದು, ಅದು ಸರ್ವಿಸ್‌ನವರ ಕೆಲಸ. ನಮ್ಮದರಲ್ಲಿ ನಾಲ್ಕು ಬೋಲ್ಟು. ಮೂರು ಬಂದವು. ನಾಲ್ಕನೆಯದು ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ಬೆಳಿಗ್ಗೆ ಸ್ಪ್ಯಾನರ್‌ಗೆ ಪೈಪ್ ತೂರಿಸಿ ತಿರುಗಿಸಿದ ಮೇಲೆ ಕಿರುಚಿಕೊಂಡು ಬಂತು. ಸೀಟಿನ ಕೆಳಗೆ ಸಿಕ್ಕಿದ್ದು ಹನ್ನೆರಡು ರೂಪಾಯಿ ಚಿಲ್ಲರೆ, ಒಂದು ಟೋಲ್ ಚೀಟಿ, ನನ್ನ ಹೈಸ್ಕೂಲಿನ ಕೈವಾರ.

ಸೀಟು ಬೋರಲು ಹಾಕಿದಾಗ ಕಾಯಿಲೆ ಕಾಣಿಸ್ತು. ಅಡ್ಡಡ್ಡಕ್ಕೆ ಹಾವಿನ ಹಾಗೆ ಬಾಗಿದ ಐದು ಸ್ಪ್ರಿಂಗು ತಂತಿಗಳು. ಅದರಲ್ಲಿ ಎರಡು ತಂತಿಗಳ ಬಲತುದಿ ತುಂಡಾಗಿ ಜೋತಾಡ್ತಿತ್ತು. ಬಲಗಡೆ ಅಂದರೆ ಬಾಗಿಲ ಕಡೆ. ಪ್ರತಿ ಸಲ ಹತ್ತೋವಾಗ, ಇಳಿಯೋವಾಗ ಇಡೀ ಮೈಭಾರ ಬೀಳೋದು ಆ ಅಂಚಿನ ಮೇಲೇ. ಫೋಮು ಕೂಡ ಆ ಕಡೆಯೇ ಹಿಟ್ಟಾಗಿ ಉದುರ್ತಿತ್ತು. ಮರದ ಪಟ್ಟಿ ಅಡ್ಡ ಇಟ್ಟು ಸ್ಕೇಲ್ ಹಿಡಿದರೆ ಬಲಗಡೆ ಎರಡೂವರೆ ಸೆಂಟಿಮೀಟರ್ ತಗ್ಗು. ಅಂದರೆ ಅಪ್ಪ ದಿನಾ ನೂರು ಕಿಲೋಮೀಟರ್ ಓರೆಯಾಗಿ ಕೂತು ಓಡಿಸ್ತಿದ್ರು. ಸಾಲದ್ದಕ್ಕೆ ಎಡಗಡೆ ಹಿಂದಿನ ಜೇಬಲ್ಲಿ ಬಿಲ್ಲು ತುಂಬಿದ ದಪ್ಪ ಪರ್ಸು. ಬಲಕ್ಕೆ ಇಳಿಜಾರು, ಎಡಕ್ಕೆ ಏರು. ಇದರ ಮೇಲೆ ನಾಲ್ಕಿಂಚಲ್ಲ, ಒಂದಡಿ ಫೋಮ್ ಹಾಕಿದ್ದರೂ ಇಳಿಜಾರು ಇಳಿಜಾರೇ.

ಸೀಟನ್ನ ಆಟೋದಲ್ಲಿ ಹಾಕಿಕೊಂಡು ಕುಶನ್ ಅಂಗಡಿಗೆ ಹೋದೆ. ನನ್ನ ಲೆಕ್ಕದ ಹಾಳೆನೂ ಜೇಬಲ್ಲಿತ್ತು. "ಅಣ್ಣ, 40 ಡೆನ್ಸಿಟಿ ಫೋಮ್ ಹಾಕಿ" ಅಂದೆ. ಅಂಗಡಿಯವರಿಗೆ ಅಪ್ಪನಷ್ಟೇ ವಯಸ್ಸು. ಫ್ರೇಮ್ ಮೇಲೆ ಅಂಗೈ ಒತ್ತಿ ನೋಡ್ತಾ, ತಲೆ ಎತ್ತದೆ ಕೇಳಿದರು:

"ಯಾರು ಕೂರೋದು?"

"ನಮ್ಮಪ್ಪ."

"ಎಷ್ಟು ಎತ್ತರ? ಎಷ್ಟು ತೂಕ? ಎಲ್ಲಿ ನೋವು?"

ತೂಕ ನನಗೆ ಸರಿಯಾಗಿ ಗೊತ್ತಿರಲಿಲ್ಲ. "ಅವರನ್ನ ಕರ್ಕೊಂಡು ಬಾ, ಆಮೇಲೆ ಮಾಡೋಣ" ಅಂದರು. ನನ್ನ ಹಾಳೆ ಜೇಬಲ್ಲೇ ಉಳೀತು. ಅದರಲ್ಲಿ ಎಲ್ಲಾ ಇತ್ತು, ಮಾಸ್ ಅನ್ನೋ ಜಾಗದಲ್ಲಿ ಮಾತ್ರ ಪುಸ್ತಕದ 75 ಕೆಜಿ ಬರೆದಿದ್ದೆ.

ಸಂಜೆ ಅಪ್ಪ ಬಂದರು. ಅವರನ್ನ ಸ್ಟೂಲ್ ಮೇಲಿಟ್ಟ ಸೀಟಿನಲ್ಲಿ ಕೂರಿಸಿ, ಕ್ಲಚ್ ಒತ್ತೋ ಹಾಗೆ ಕಾಲು ಚಾಚಿಸಿ, ಎರಡೂ ತೊಡೆ ಕೆಳಗೆ ಕೈ ತೂರಿಸಿ ನೋಡಿದರು. ಅಪ್ಪ ಟೈಲರ್ ಅಂಗಡಿಯಲ್ಲಿ ಅಳತೆ ಕೊಡೋ ಹುಡುಗನ ಹಾಗೆ ನಾಚಿಕೊಂಡು ಕೂತಿದ್ದರು. ಅವತ್ತೇ ಮೊದಲ ಸಲ, ಎಲ್ಲಿ ನೋಯುತ್ತೆ, ಎಷ್ಟು ದೂರ ಹೋದ ಮೇಲೆ ನೋಯುತ್ತೆ ಅಂತ ಅಪ್ಪ ವಿವರವಾಗಿ ಹೇಳಿದ್ದನ್ನ ನಾನು ಕೇಳಿದ್ದು. ಅದೂ ಬೇರೆಯವರಿಗೆ ಹೇಳಿದ್ದು.

ಕೆಲಸ ಹೀಗಾಯ್ತು. ಮುರಿದ ಎರಡು ಸ್ಪ್ರಿಂಗ್ ಬದಲಾಯ್ತು. ತಂತಿ ಫೋಮನ್ನ ಕೊಯ್ಯದಿರಲಿ ಅಂತ ಮಧ್ಯೆ ರಬ್ಬರ್ ಹಾಕಿ ಒತ್ತಿದ ತೆಂಗಿನ ನಾರಿನ ಹಾಳೆ ಬಂತು. ತೆಂಗಿನ ಸೀಮೆಯ ಕಾರಿಗೆ ತೆಂಗಿನ ನಾರು. ಹಿಟ್ಟಾದ ಭಾಗ ಕತ್ತರಿಸಿ, ಆ ಜಾಗಕ್ಕೆ ಮಾತ್ರ ಗಟ್ಟಿ ಫೋಮಿನ ತುಂಡು ಅಂಟಿಸಿದರು, ಮೇಲೆ ಹೇರಲಿಲ್ಲ. ಮುಂದಿನ ಅಂಚಿನಲ್ಲಿ ಅರ್ಧ ಇಂಚು ಕೆರೆದು ತೆಗೆದರು. ಸೊಂಟದ ಬೆಲ್ಟ್ ಮಟ್ಟಕ್ಕೆ ಒರಗುವ ಭಾಗದೊಳಗೆ ಅಂಗೈ ಅಗಲದ ಒಂದು ಪಟ್ಟಿ. ಡೆನ್ಸಿಟಿ ಬಗ್ಗೆನೂ ಒಂದು ಪಾಠ ಆಯ್ತು. ಅದು ಒಂದು ಘನ ಮೀಟರ್ ಫೋಮು ಎಷ್ಟು ಕೆಜಿ ತೂಗುತ್ತೆ ಅನ್ನೋ ಲೆಕ್ಕ. ಫೋಮು ಎಷ್ಟು ಗಟ್ಟಿ ಅನ್ನೋದು ಬೇರೆಯೇ ಅಳತೆ. ಒಂದೇ ಡೆನ್ಸಿಟಿಯಲ್ಲಿ ಮೆತ್ತಗಿರೋದೂ ಇರುತ್ತೆ, ಗಟ್ಟಿ ಇರೋದೂ ಇರುತ್ತೆ. ತುಂಬಾ ಮೆತ್ತಗಿದ್ದರೆ ಭಾರಕ್ಕೆ ಪೂರ್ತಿ ಅಪ್ಪಚ್ಚಿಯಾಗಿ ಮತ್ತೆ ಕಬ್ಬಿಣವೇ ತಾಗುತ್ತೆ. ಅಂಗಡಿಯವರು ಇದನ್ನ ಹೆಬ್ಬೆರಳಲ್ಲೇ ಒತ್ತಿ ತೋರಿಸಿದರು. ಒಟ್ಟು 1,450 ರೂಪಾಯಿ.

ಸೀಟು ವಾಪಸ್ ಕೂರಿಸೋವಾಗ ಬೋಲ್ಟುಗಳನ್ನ ಎರಡೆರಡು ಸಲ ಬಿಗಿ ಮಾಡಿದೆ. ಸೀಟ್ ಬೆಲ್ಟಿನ ಬಕಲ್ ಇರೋದು ಸೀಟಿನ ಫ್ರೇಮಿಗೇ, ಬ್ರೇಕ್ ಹಾಕಿದಾಗ ಅಪ್ಪನನ್ನ ಹಿಡಿಯೋದು ಆ ನಾಲ್ಕು ಬೋಲ್ಟೇ. ಹಿಂದೆ-ಮುಂದೆ ಜರುಗಿಸಿ ಲಾಕ್ ಎರಡೂ ಕಡೆ ಬೀಳುತ್ತಾ ನೋಡಿದೆ. ಆಮೇಲೆ ಅಪ್ಪನನ್ನ ಕೂರಿಸಿ ಹೊಂದಿಸಿದೆ: ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ಬೆನ್ನು ಒರಗಿರುವಾಗ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಮೇಲ್ತುದಿಗೆ ತಾಗಬೇಕು. ನಿಮ್ಮ ಮನೆ ಕಾರಲ್ಲೂ ಇದನ್ನ ನೋಡಿ, ಐದು ನಿಮಿಷದ ಕೆಲಸ. ಪರ್ಸು ಡ್ಯಾಶ್‌ಬೋರ್ಡಿನ ಡಬ್ಬಿಗೆ ಹೋಯ್ತು.

ನೋವು ಮಾಯ ಆಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಅಪ್ಪ ಈಗಲೂ ಬೆಳಿಗ್ಗೆ ಎಕ್ಸರ್‌ಸೈಜ್ ಮಾಡ್ತಾರೆ, ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ ಟೀ ನೆಪದಲ್ಲಿ ಓಡಾಡ್ತಾರೆ. ಆದರೆ ಟವೆಲ್ಲು, ದಿಂಬು ಎರಡೂ ಮನೆಗೆ ವಾಪಸ್ ಬಂದಿವೆ. ಸಂಜೆ ಬಾಗಿಲು ಹಿಡಿದುಕೊಂಡು ನಿಲ್ಲೋದು ಕಮ್ಮಿಯಾಗಿದೆ ಅಂತ ಅಮ್ಮ ಫೋನಲ್ಲಿ ಹೇಳಿದರು. ಈಗ ನಾನು "ಎಲ್ಲಾ ಆರಾಮಾ?" ಅಂತ ಕೇಳೋದು ಬಿಟ್ಟಿದ್ದೀನಿ. "ಇವತ್ತು ಎಷ್ಟು ಕಿಲೋಮೀಟರ್ ಆದ ಮೇಲೆ ಸೊಂಟ ಹಿಡೀತು?" ಅಂತ ಕೇಳ್ತೀನಿ. ಅಪ್ಪ ಉತ್ತರ ಕೊಡ್ತಾರೆ.

ಹೋದ ತಿಂಗಳು ಊರಿಗೆ ಹೋದಾಗ ಹಾಲು ತರೋಕೆ ಅಂತ ಅದೇ ಕಾರು ತೆಗೆದೆ. ಮೊಣಕಾಲು ಸ್ಟೀರಿಂಗಿಗೆ ತಾಗ್ತಿತ್ತು, ಬೆನ್ನಿನ ಪಟ್ಟಿ ನನಗೆ ಎಲ್ಲೋ ಕೆಳಗೆ ಒತ್ತುತಿತ್ತು. ಹತ್ತೇ ನಿಮಿಷಕ್ಕೆ ಸಾಕಾಯ್ತು. ಸೀಟು ಒಂಚೂರೂ ಜರುಗಿಸದೆ ಹಾಗೇ ತಂದು ನಿಲ್ಲಿಸಿದೆ.