ಬಲ್ಮಠದಿಂದ ಬಾವುಟಗುಡ್ಡೆಗೆ

ಮಂಗಳೂರಿಗೆ ಹೋದವರು ಬೀಚು, ಮೀನೂಟ, ಐಸ್‌ಕ್ರೀಂ ಮುಗಿಸಿ ರೈಲು ಹತ್ತುತ್ತಾರೆ. ಒಂದು ಬೆಳಗ್ಗೆ ಬಿಡುವಿದ್ದರೆ ಬಲ್ಮಠದಿಂದ ಜ್ಯೋತಿ ವೃತ್ತ ದಾಟಿ ಬಾವುಟಗುಡ್ಡೆಗೆ ನಡೆದುಹೋಗಿ. ದಾರಿ ದೂರವಿಲ್ಲ. ಆದರೆ ಯುರೋಪಿನಲ್ಲಿ ಐನೂರು ವರ್ಷಗಳ ಹಿಂದೆ ಎದ್ದ ವಾದವೊಂದರ ಎರಡೂ ಕಡೆಯವರು ಇಲ್ಲಿ ನೆರೆಹೊರೆಯವರು.

ಬಲ್ಮಠ ಬಾಸೆಲ್ ಮಿಶನ್ನಿನ ನೆಲೆ. 1834ರಲ್ಲಿ ಬಂದ ಈ ಪ್ರಾಟೆಸ್ಟಂಟರಿಗೆ ಗ್ರಂಥವೇ ಕೊನೆಯ ಪ್ರಮಾಣ, ಅದರ ಮೇಲೆ ಪೋಪ್ ಇಲ್ಲ. ಹಾಗಿದ್ದ ಮೇಲೆ ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲೇ ಅದನ್ನು ಓದಬೇಕಲ್ಲ? ಶಾಲೆ, ಅಚ್ಚುಕೂಟ, ನಿಘಂಟಿನ ಕೆಲಸಗಳಿಗೆ ಈ ನಂಬಿಕೆಯೂ ಕಾರಣ. 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು ಕನ್ನಡಕ್ಕೆ ದಕ್ಕಿದ್ದು ಈ ಮಿಶನ್ನಿನಿಂದ.

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ಲಿಗೆ ಬಂದರೆ ಗೋಡೆ, ಛಾವಣಿ ತುಂಬ ಚಿತ್ರಗಳು. ಇಟಲಿಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ ಬರೆದದ್ದು. ಕಥೋಲಿಕರಿಗೆ ಗ್ರಂಥದ ಜತೆಗೆ ಅಪೊಸ್ತಲರಿಂದ ಬಂದ ಪರಂಪರೆಯೂ ಪ್ರಮಾಣ. ಎರಡರ ಅರ್ಥ ಹೇಳುವ ಅಧಿಕಾರ ಪೋಪರದ್ದು ಮತ್ತು ಅವರ ಜತೆಗಿರುವ ಬಿಷಪರದ್ದು. ಬೈಬಲ್ಲಿಗೆ ಯಾವ ಪುಸ್ತಕ ಸೇರಬೇಕೆಂದು ಗುರುತಿಸಿದ್ದೂ ಧರ್ಮಸಭೆಯೇ ತಾನೇ ಎಂಬುದು ಅವರ ಪ್ರಶ್ನೆ. 1546ರಲ್ಲಿ ಟ್ರೆಂಟ್ ಮಹಾಸಭೆ ಖಚಿತಪಡಿಸಿದ ಪಟ್ಟಿಯಂತೆ ಅವರ ಬೈಬಲ್ಲಿನಲ್ಲಿ ಇಂದು 73 ಪುಸ್ತಕ, ಪ್ರಾಟೆಸ್ಟಂಟರದ್ದರಲ್ಲಿ 66. ಸತ್ತವರಿಗಾಗಿ ಪ್ರಾರ್ಥಿಸುವ ಪ್ರಸಂಗ ಬರುವ ಮಕ್ಕಬಿಯರ ಗ್ರಂಥ ಆ ಹೆಚ್ಚಿನ ಏಳರಲ್ಲಿದೆ. ಹೀಗಾಗಿ ಪುಸ್ತಕದ ಲೆಕ್ಕದ ವ್ಯತ್ಯಾಸ ಸ್ಮಶಾನದವರೆಗೂ ಹೋಗುತ್ತದೆ.

ನನ್ನ ಜತೆಗಿದ್ದವರು ಮುಂಬೈಯ ನೆರೆಮನೆಯ ದಂಪತಿ. ಆತ ಕಥೋಲಿಕ, ಆಕೆ ಬಲ್ಮಠದ ಪ್ರಾಟೆಸ್ಟಂಟ್ ಮನೆಯ ಮಗಳು. ಮುಂದಿನ ತಿಂಗಳು ಅವರ ಮಗಳ ಮೊದಲ ಪರಮಪ್ರಸಾದ.

“ಅವಳಿಗೆ ಬೈಬಲ್ ಕತೆ ಹೇಳಿಕೊಟ್ಟದ್ದು ನಾನು. ಆ ದಿನ ಅವಳು ಎದ್ದು ಹೋಗುವಾಗ ನಾನು ಬೆಂಚಿನಲ್ಲೇ ಕೂತಿರಬೇಕು ಮಾರಾಯ್ರೆ,” ಎಂದರು ಆಕೆ.

“ನಿಯಮ ನಾನು ಮಾಡಿದ್ದಲ್ಲ ಮಾರಾಯ್ತಿ.”

“ಗ್ರಂಥದಲ್ಲಿ ಎಲ್ಲಿ ಉಂಟು ಆ ನಿಯಮ?”

“ಎಲ್ಲವೂ ಗ್ರಂಥದಲ್ಲೇ ಇರಬೇಕು ಅಂತ ಗ್ರಂಥದಲ್ಲಿ ಎಲ್ಲಿ ಉಂಟು?”

ಲೂಥರನ ಕಾಲದಿಂದ ಪಂಡಿತರು ದಪ್ಪ ದಪ್ಪ ಪುಸ್ತಕಗಳಲ್ಲಿ ಆಡಿದ ವಾದ ಮೆಟ್ಟಿಲ ಮೇಲೆ ನಾಲ್ಕು ಮಾತಿನಲ್ಲಿ ಮುಗಿದಿತ್ತು. ಇಬ್ಬರೂ ಸೋಲಲಿಲ್ಲ. ಕಥೋಲಿಕರಿಗೆ ಪರಮಪ್ರಸಾದವೆಂದರೆ ಧರ್ಮಸಭೆಯೊಂದಿಗಿನ ಪೂರ್ಣ ಐಕ್ಯದ ಗುರುತೂ ಹೌದು. ಆದ್ದರಿಂದಲೇ ಸಾಮಾನ್ಯವಾಗಿ ಅದು ಹೊರಗಿನವರಿಗಿಲ್ಲ. ಆದರೆ ತಾಯಿಯ ದೀಕ್ಷಾಸ್ನಾನವನ್ನು ಅದೇ ಧರ್ಮಸಭೆ ಒಪ್ಪುತ್ತದೆ. ಒಪ್ಪಿಗೆ ಅಲ್ಲಿಯವರೆಗೆ ಬಂದಿದೆ, ಊಟದ ಮೇಜಿನವರೆಗೆ ಇನ್ನೂ ಬಂದಿಲ್ಲ.

ಊರಿನ ಇತಿಹಾಸದಲ್ಲಿ ಇನ್ನೊಂದು ಸಂಗತಿಯೂ ಇದೆ. ಜೆಸ್ವಿಟ್ ಪಾದ್ರಿ ಮಾಫೆಯಿ ಕೊಂಕಣಿ ವ್ಯಾಕರಣ ಬರೆದರು. 1882ರಲ್ಲಿ ಅದು ಅಚ್ಚಾದದ್ದು ಪ್ರಾಟೆಸ್ಟಂಟರ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ.